ಬರೇ ಮಾತಾಡಿದ್ದಕ್ಕ ರೊಕ್ಕ ಯಾಕ?

ನಾಲತವಾಡದ ಕಡೆ ದವಾಖಾನೆಯಿಂದ ಹೊರಬಂದವರನ್ನು ಮಾತಾಡಿಸಿ ನೋಡಿ. ಡಾಕ್ಟರು ಒಳ್ಳೆಯವರೋ ಅಲ್ಲವೋ ಎಂಬುದನ್ನು ಬಹಳ ಮಂದಿ ಸೂಜಿಯಿಂದಲೇ ಅಳೆಯುತ್ತಾರೆ. 'ಸೂಜಿ ಮಾಡಿದ್ರು, ಸಲಾಯಿನ್ ಹಚ್ಚಿದ್ರು, ಐದುನೂರು ತಗೊಂಡ್ರು' ಎನ್ನುವಾಗ ದನಿಯಲ್ಲಿ ದೂರಿರುವುದಿಲ್ಲ. ಅದೇ ಒಬ್ಬ ಎಳೆಯ ಡಾಕ್ಟರು ಅರ್ಧ ತಾಸು ಕೂರಿಸಿಕೊಂಡು ಏನು ಉಣ್ಣುತ್ತೀರಿ, ನಿದ್ದೆ ಬರುತ್ತದೆಯೇ, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದೆಲ್ಲ ವಿಚಾರಿಸಿ, ಸೂಜಿ ಬೇಕಾಗಿಲ್ಲ ಎಂದು ಹೇಳಿ ಇನ್ನೂರು ರೂಪಾಯಿ ಫೀ ತೆಗೆದುಕೊಂಡರೆ, 'ಏನೂ ಮಾಡ್ಲಿಲ್ರಿ, ಬರೇ ಮಾತಾಡಿದ್ರು. ಮಾತಾಡಿದ್ದಕ್ಕ ರೊಕ್ಕ ಯಾಕ?' ಎಂಬ ಪ್ರಶ್ನೆ ಎದ್ದುಬಿಡುತ್ತದೆ.

ಇದನ್ನು ಹಳ್ಳಿಯವರ ಅಜ್ಞಾನವೆಂದು ನಗುವುದು ಸುಲಭ. ಆದರೆ ಈ ಪಾಠವನ್ನು ಅವರಿಗೆ ಕಲಿಸಿದ್ದು ಬಿಲ್ಲು. ದೊಡ್ಡ ಊರಿನ ಯಾವುದಾದರೂ ಖಾಸಗಿ ಆಸ್ಪತ್ರೆಯ ಬಿಲ್ಲನ್ನು ಒಂದು ಕಥೆ ಓದುವಷ್ಟು ಲಕ್ಷ್ಯಕೊಟ್ಟು ಓದಿ. ಸಿರಿಂಜಿಗೆ ಒಂದು ಸಾಲು, ಕೈಗವಸಿಗೆ ಒಂದು ಸಾಲು, ಹತ್ತಿಗೆ ಒಂದು ಸಾಲು. ಡಾಕ್ಟರು ರೋಗಿಯ ಮಾತು ಕೇಳಿದ್ದಕ್ಕೆ ಮಾತ್ರ 'ಕನ್ಸಲ್ಟೇಶನ್' ಎಂಬ ಒಂದೇ ಶಬ್ದ. ಎರಡು ನಿಮಿಷ ಕೇಳಿದರೂ ನಲವತ್ತು ನಿಮಿಷ ಕೇಳಿದರೂ ಅದೇ ಮೊತ್ತ. ಹೀಗಿದ್ದ ಮೇಲೆ ನಲವತ್ತು ನಿಮಿಷ ಕೇಳುವ ಡಾಕ್ಟರು ಬಾಡಿಗೆ ಕಟ್ಟುವುದು ಹೇಗೆ? ಒಂದೋ ಪಾಳಿಯನ್ನು ಬೇಗ ಬೇಗ ಮುಗಿಸಬೇಕು, ಇಲ್ಲವೇ ಸಲಾಯಿನ್ನು, ರಕ್ತಪರೀಕ್ಷೆ, ಬಗಲಿನ ಔಷಧಿ ಅಂಗಡಿಗಳಿಂದ ಲೆಕ್ಕ ಸರಿದೂಗಿಸಬೇಕು. ವೈದ್ಯರ ನಡತೆಯ ಬಗ್ಗೆ ಭಾರತೀಯ ವೈದ್ಯಕೀಯ ಮಂಡಳಿ 2002ರಲ್ಲಿ ಹೊರಡಿಸಿದ ನಿಯಮಾವಳಿ ಕಮಿಷನ್ ಪಡೆಯುವುದನ್ನು ನಿಷೇಧಿಸಿದೆ, ಫೀ ಎಷ್ಟೆಂದು ಮೊದಲೇ ತಿಳಿಸಬೇಕೆಂದೂ ಹೇಳಿದೆ. ಕಮಿಷನ್ ಯಾಕೆ ಹುಟ್ಟುತ್ತದೆ ಎಂಬ ಮಾತಿಗೆ ಅದು ಹೋಗುವುದಿಲ್ಲ.

ಈ ರೂಢಿ ಅಲೋಪತಿಯಿಂದ ಶುರುವಾದದ್ದೂ ಅಲ್ಲ. ಹಕೀಮರು ಮತಬಿನಲ್ಲಿ ನಬ್ಜ್ ಹಿಡಿದು ರೋಗಿಯ ಕಥೆಯನ್ನೆಲ್ಲ ಕೇಳುತ್ತಿದ್ದರು. ರೋಗಿ ಕೊಡುತ್ತಿದ್ದದ್ದು ಮಾಜೂನಿನ, ಪುಡಿಯ ಬೆಲೆ. ಕೇಳಿಸಿಕೊಂಡದ್ದರ ಕೂಲಿ ಆ ಪುಡಿಯ ಪೊಟ್ಟಣದೊಳಗೇ ಸೇರಿಹೋಗುತ್ತಿತ್ತು. ದಿಲ್ಲಿಯ ಹಕೀಮ್ ಅಜ್ಮಲ್ ಖಾನರು ತಮ್ಮಲ್ಲಿಗೆ ಬಂದವರಿಂದ ಏನೂ ಪಡೆಯದೆ, ಪರಊರಿಗೆ ಹೋದರೆ ಮಾತ್ರ ದಿನಕ್ಕೆ ಸಾವಿರ ರೂಪಾಯಿ ತೆಗೆದುಕೊಳ್ಳುತ್ತಿದ್ದರು ಎಂದು ಹೇಳುತ್ತಾರೆ. ಹಾಗಿದ್ದರೆ ಅವರು ಬೆಲೆ ಕಟ್ಟಿದ್ದು ಮದ್ದಿಗಲ್ಲ, ದಿನಕ್ಕೆ.

ನಮ್ಮ ಸಾಹಿತ್ಯ ಈ ವಿಷಯದಲ್ಲಿ ಏನು ಮಾಡಿದೆ? ಪ್ರೇಮಚಂದರ 'ಮಂತ್ರ' ಕಥೆಯನ್ನು ಉರ್ದು, ಹಿಂದಿ ಓದಿದವರು ಮರೆಯಲಾರರು. ಗಾಲ್ಫ್ ಆಡಲು ಹೊರಟಿದ್ದ ಡಾಕ್ಟರ್ ಚಡ್ಢಾ, ಸಾಯುತ್ತಿರುವ ಮಗನನ್ನು ಹೊರಿಸಿಕೊಂಡು ಬಂದ ಮುದುಕ ಭಗತನಿಗೆ ನಾಳೆ ಬೆಳಿಗ್ಗೆ ಬಾ ಎನ್ನುತ್ತಾನೆ. ಆ ರಾತ್ರಿಯೇ ಹುಡುಗ ಸಾಯುತ್ತಾನೆ. ವರ್ಷಗಳ ಮೇಲೆ ಚಡ್ಢಾನ ಮಗನನ್ನು ಹಾವು ಕಚ್ಚಿದಾಗ ಅದೇ ಭಗತ ನಡುರಾತ್ರಿ ನಡೆದು ಬಂದು ಮಂತ್ರ ಹಾಕಿ ಬದುಕಿಸಿ, ಒಂದು ಚಿಲುಮೆ ತಂಬಾಕನ್ನೂ ಮುಟ್ಟದೆ ಮನೆಗೆ ಹೋಗುತ್ತಾನೆ. ಶ್ರೀಮಂತನ ಕಲ್ಲೆದೆ, ಬಡವನ ದೊಡ್ಡತನ ಎಂದು ಇದನ್ನು ಪಾಠ ಹೇಳುವುದು ವಾಡಿಕೆ. ಆದರೆ ಚಡ್ಢಾ ದುಡ್ಡಿಲ್ಲವೆಂದು ಭಗತನನ್ನು ಕಳಿಸಿದವನಲ್ಲ, ಹೊತ್ತಿಲ್ಲವೆಂದು ಕಳಿಸಿದವನು. ಪ್ರೇಮಚಂದರು ಹೊತ್ತಿನ ಪ್ರಶ್ನೆಯನ್ನು ಎತ್ತಿ, ಅದಕ್ಕೆ ಹೃದಯದ ಉತ್ತರ ಕೊಟ್ಟುಬಿಡುತ್ತಾರೆ. ಕಥೆಯಾಗಿ ಅದು ಗೆದ್ದಿದೆ. ಆದರೆ ಅದರ ನೆರಳು ನಮ್ಮ ಮೇಲೆ ಉದ್ದಕ್ಕೂ ಬಿದ್ದಿದೆ ಎಂದು ನನಗೆ ಅನ್ನಿಸುತ್ತದೆ. ಆಮೇಲಿನ ಕಥೆಗಳಲ್ಲಿ, ಸಿನಿಮಾಗಳಲ್ಲಿ ಡಾಕ್ಟರು ಬಂದರೆ ದೇವರಾಗಿ ಬರಬೇಕು, ಇಲ್ಲವೇ ಕಟುಕನಾಗಿ. ದುಡ್ಡು ಕೇಳುವ, ಬಾಡಿಗೆ ಕಟ್ಟುವ, ಆದರೂ ಕೂತು ಕೇಳುವ ಮನುಷ್ಯ ಅಪರೂಪ. ಕನ್ನಡದಲ್ಲಿ ಅನುಪಮಾ ನಿರಂಜನರು ವೃತ್ತಿಯಿಂದಲೇ ವೈದ್ಯೆ. 'ತಾಯಿ ಮಗು', 'ಕೇಳು ಕಿಶೋರಿ'ಯಂಥ ಪುಸ್ತಕಗಳಲ್ಲಿ ಅವರು ಬರೆದದ್ದು ದವಾಖಾನೆಯ ಪಾಳಿಯಲ್ಲಿ ಹೇಳಿ ಮುಗಿಸಲಾಗದ ಮಾತುಗಳನ್ನೇ. ಹೆಣ್ಣುಮಕ್ಕಳು ಅವನ್ನು ಕೊಂಡು ಓದಿದರು. ಅಂದರೆ ಮಾತಿಗೆ ರೊಕ್ಕ ಕೊಟ್ಟರು.

ಮಾತಿನ ಬೆಲೆ ತಿಳಿಯಬೇಕಾದರೆ ರಂಜಾನಿನ ಹಿಂದಿನ ತಿಂಗಳನ್ನು ನೋಡಬೇಕು. ಸಕ್ಕರೆ ಕಾಯಿಲೆಯ ಒಬ್ಬ ಖಾಲಾ ಬರುತ್ತಾರೆ, ರೋಜಾ ಇಡಬೇಕೆಂದಿದ್ದಾರೆ. 'ಇಡಬ್ಯಾಡ್ರಿ' ಎನ್ನಲು ಡಾಕ್ಟರಿಗೆ ಒಂದು ಕ್ಷಣ ಸಾಕು. ಖಾಲಾ ತಲೆಯಾಡಿಸಿ ಮನೆಗೆ ಹೋಗಿ ರೋಜಾ ಇಡುತ್ತಾರೆ. ಹಗಲಿನ ಗುಳಿಗೆ ಬಿಟ್ಟು, ಇಫ್ತಾರಿನಲ್ಲಿ ಎರಡೂ ಹೊತ್ತಿನದನ್ನು ಕೂಡಿಸಿ ನುಂಗುತ್ತಾರೆ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಮತ್ತು ಅದರ ಜೊತೆಗಾರ ಸಂಸ್ಥೆ 2016ರಲ್ಲಿ ಹೊರತಂದು 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ ರೋಗಿಯನ್ನು ರಂಜಾನಿಗೆ ಆರೆಂಟು ವಾರ ಮೊದಲೇ ಕೂರಿಸಿ ಮಾತಾಡಬೇಕು. ಯಾವ ಗುಳಿಗೆ ಸಹರಿಗೆ, ಯಾವುದು ಇಫ್ತಾರಿಗೆ, ಇನ್ಸುಲಿನ್ ಎಷ್ಟು ಇಳಿಸಬೇಕು ಎಂದು ಹೇಳಬೇಕು. ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300ರ ಮೇಲೇರಿದರೆ ರೋಜಾ ಬಿಡಲೇಬೇಕು ಎಂದೂ, ಬೆರಳು ಚುಚ್ಚಿ ನೋಡಿಕೊಂಡರೆ ರೋಜಾ ಮುರಿಯುವುದಿಲ್ಲ ಎಂದೂ ತಿಳಿಸಬೇಕು. ಕಾಯಿಲೆಯವರಿಗೆ ಕುರ್‌ಆನ್ ಕೊಟ್ಟಿರುವ ವಿನಾಯಿತಿಯನ್ನು ನೆನಪಿಸಬೇಕು. ಇವೆಲ್ಲ ಗಂಡನ ಮೂಲಕವೋ ಮಗನ ಮೂಲಕವೋ ಅಲ್ಲ, ಖಾಲಾಗೆ ನೇರವಾಗಿ, ಅವರ ದಖನಿಯಲ್ಲಿ. ಇಪ್ಪತ್ತು ನಿಮಿಷಕ್ಕೆ ಕಡಿಮೆ ಆಗುವ ಕೆಲಸವಲ್ಲ ಇದು. 67 ದೇಶಗಳ ಲೆಕ್ಕ ಕೂಡಿಸಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವೈದ್ಯರ ಸರಾಸರಿ ಭೇಟಿ ಸ್ವೀಡನ್ನಿನಲ್ಲಿ 22.5 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು, ನಮ್ಮಲ್ಲಿ ಎರಡು ನಿಮಿಷದ ಆಸುಪಾಸು.

ಅಮೆರಿಕದವರು ಮಾತಿಗೆ ಬೆಲೆ ಕಟ್ಟಿದ್ದಾರೆ. ಅಲ್ಲಿ ಪ್ರತಿ ಭೇಟಿಗೂ ಒಂದು ಸಂಖ್ಯೆ. ಹಳೆಯ ರೋಗಿಯೊಡನೆ 40 ನಿಮಿಷ ಕಳೆದರೆ 99215, ಅದರಾಚೆಯ ಪ್ರತಿ ಕಾಲು ತಾಸಿಗೂ 99417. ರೋಗಿ ಎದುರಿಗಿದ್ದ ಹೊತ್ತಷ್ಟೇ ಅಲ್ಲ, ಆ ದಿನ ಅವರ ಕಾಗದ ಓದಿದ, ಬರೆದ ಹೊತ್ತನ್ನೂ 2021ರಿಂದ ಲೆಕ್ಕಕ್ಕೆ ಹಿಡಿಯುತ್ತಾರೆ. ಆದರೆ ಹೆಚ್ಚಿನ ಹೊತ್ತಿನ ಈ ಎಣಿಕೆ 55ನೇ ನಿಮಿಷಕ್ಕೆ ಶುರುವಾದರೆ, ಮುದುಕರ ಸರ್ಕಾರಿ ವಿಮೆಯಾದ ಮೆಡಿಕೇರ್ ಬೇರೆ ಸಂಖ್ಯೆ ಇಟ್ಟುಕೊಂಡು 69ನೇ ನಿಮಿಷದ ತನಕ ಕಾಯಿಸುತ್ತದೆ. ಕಣ್ಣು ರೋಗಿಯ ಮೇಲೋ ಗಡಿಯಾರದ ಮೇಲೋ ಎಂದು ಕೇಳಬೇಕಾಗುತ್ತದೆ. ಅಷ್ಟಾದರೂ, ಕೇಳಿಸಿಕೊಳ್ಳುವುದು ಒಂದು ಕೆಲಸ ಎಂಬುದನ್ನು ಆ ಬಿಲ್ಲು ಒಪ್ಪಿಕೊಂಡಿದೆ. ನಮ್ಮದು ಇನ್ನೂ ಒಪ್ಪಿಲ್ಲ.

2017ರ ನವೆಂಬರಿನಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿಗಾಗಿ ಬೆಳಗಾವಿ ಅಧಿವೇಶನದಲ್ಲಿ ಗದ್ದಲವೆದ್ದಾಗ, ಡಾಕ್ಟರುಗಳು ದವಾಖಾನೆ ಮುಚ್ಚಿ ಬೀದಿಗಿಳಿದಾಗ, ಜೈಲು ಶಿಕ್ಷೆಯ ಬಗ್ಗೆ, ಚಿಕಿತ್ಸೆಗಳ ದರದ ಬಗ್ಗೆ ಕಾವೇರಿದ ಚರ್ಚೆ ಆಯಿತು. ಹೊತ್ತಿನ ದರ ಆ ಚರ್ಚೆಯ ಮುನ್ನೆಲೆಗೆ ಬರಲೇ ಇಲ್ಲ. ದರಪಟ್ಟಿ ತೂಗುಹಾಕಬೇಕೆಂದು ಕಾಯ್ದೆ ಹೇಳುತ್ತದೆ. ಆ ಪಟ್ಟಿಯಲ್ಲಿ 'ಹೆಚ್ಚಿನ ಹೊತ್ತಿನ ಭೇಟಿ' ಎಂಬ ಸಾಲೊಂದು ಇದ್ದರೆ ಡಾಕ್ಟರು ಬೇಡದ ಸಲಾಯಿನ್ ಹಚ್ಚುವ ಕಾರಣಗಳಲ್ಲಿ ಒಂದಾದರೂ ಕಡಿಮೆಯಾದೀತು. ಹಾಗೆ ಮಾಡಿದರೆ ಉಳ್ಳವರಿಗೆ ಅರ್ಧ ತಾಸು, ಇಲ್ಲದವರಿಗೆ ಎರಡು ನಿಮಿಷ ಆಗುವುದಿಲ್ಲವೇ ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಬಡವರಿಗೆ ಈಗಲೂ ಎರಡೇ ನಿಮಿಷ, ಮೇಲೆ ಸಲಾಯಿನ್ನಿನ ಖರ್ಚು.

ಇಲ್ಲಿ ನಮ್ಮ ಜಮಾತುಗಳನ್ನೂ ಕೇಳಬೇಕು. ಆಪರೇಷನ್ನಿಗೆ, ಡಯಾಲಿಸಿಸ್ಸಿಗೆ ನೆರವು ಕೇಳಿ ಹೋದರೆ 'ಬಿಲ್ ತಗೊಂಡು ಬರ್ರಿ' ಎನ್ನುತ್ತಾರೆ, ತಂದರೆ ಕೈಲಾದಷ್ಟು ಕೊಡುತ್ತಾರೆ. ಒಳ್ಳೆಯ ಕೆಲಸ. ಆದರೆ ಕಾಲು ಕೊಳೆತು ಬೆರಳು ಕತ್ತರಿಸಿದ ಮೇಲೆ ಬಿಲ್ಲು ಹುಟ್ಟುತ್ತದೆ, ಕೊಳೆಯದಂತೆ ನೋಡಿಕೊಳ್ಳುವ ಮಾತಿಗೆ ಬಿಲ್ಲೇ ಇರುವುದಿಲ್ಲ. ಜಕಾತಿನ ದುಡ್ಡು ಬಡವನ ಕೈಸೇರಿ ಅವನ ಸ್ವಂತದ್ದಾಗಬೇಕು ಎಂಬ ತಮ್ಲೀಕಿನ ತಕರಾರನ್ನು ಉಲೇಮಾಗಳು ಎತ್ತಬಹುದು. ಹಾಗಾದರೆ ಸದಕಾ ಇದೆ, ಚಂದಾ ಇದೆ. ಶಾಬಾನ್ ತಿಂಗಳಲ್ಲಿ ನಾಲ್ಕು ಸಂಜೆ ಮದರಸಾದ ಕೋಣೆಯಲ್ಲಿ ಒಬ್ಬ ಡಾಕ್ಟರನ್ನೂ ದಖನಿ ಬಲ್ಲ ಒಬ್ಬ ನರ್ಸಮ್ಮನನ್ನೂ ಕೂರಿಸಿ, ಸಕ್ಕರೆ ಕಾಯಿಲೆಯ ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ ಕೊಡಲಿ. ಡಾಕ್ಟರಿಗೆ ಪುಕ್ಕಟೆ ಸೇವೆಯ ಶಾಲು ಹೊದಿಸುವುದು ಬೇಡ, ಫೀ ಕೊಡಲಿ. ರಸೀದಿಯಲ್ಲಿ ಏನಂತ ಬರೆಯುವುದೆಂದು ಖಜಾಂಚಿ ಕೇಳಿದರೆ, ರೋಗಿಗಳೊಡನೆ ಮಾತಾಡಿದ್ದಕ್ಕೆ, ಎಂಟು ತಾಸು ಎಂದು ಬರೆದರಾಯಿತು.