ಗೊಬ್ಬರ ಗಿಡದ ಊಟವಲ್ಲ

ನಮ್ಮ ಶಹಾಡ್‌ನ ಬಾಲ್ಕನಿಗಳಲ್ಲಿ ದಾಸವಾಳ ಮೊಗ್ಗು ಉದುರಿಸಿದರೆ ಸಾಕು, ಗೊಬ್ಬರದ ಪೊಟ್ಟಣ ಒಡೆಯುವುದು, ಅದೂ ಸಾಲದೆ ಬೆಲ್ಲದ ನೀರು ಹುಯ್ಯುವುದು ಇನ್ನೂ ನಿಂತಿಲ್ಲ. ಪೊಟ್ಟಣದ ಮೇಲೆ ‘ಗಿಡದ ಆಹಾರ’ ಎಂದೇ ಅಚ್ಚು ಹಾಕಿರುತ್ತಾರೆ. ಈ ಅಂಕಣ ಅದನ್ನು ಎಂದೂ ಒಪ್ಪಿಲ್ಲ. ಗಿಡದ ಊಟ ಸಕ್ಕರೆ. ಅದನ್ನು ಎಲೆ ಬೆಳಕಿನಲ್ಲಿ ತಾನೇ ಮಾಡಿಕೊಳ್ಳಬೇಕು; ನೆರಳಿನಲ್ಲಿ ಹಸಿದ ಗಿಡದ ಹೊಟ್ಟೆ ಗೊಬ್ಬರದಿಂದ ತುಂಬುವುದಿಲ್ಲ.

ಇದಕ್ಕೆ ಹಳೆಯ ಸಾಕ್ಷಿ ವಿಜ್ಞಾನಿ ಫಾನ್ ಹೆಲ್ಮಾಂಟ್‌ನದು. ಅವನು ಸತ್ತ ಮೇಲೆ, 1648ರಲ್ಲಿ, ಅಚ್ಚಾದ ಗ್ರಂಥದಲ್ಲಿ ಆ ಪ್ರಯೋಗವಿದೆ. 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡಿನ ವಿಲ್ಲೋ ಸಸಿ ನೆಟ್ಟು ಬರೀ ನೀರು ಹಾಕಿದ. ಐದು ವರ್ಷಕ್ಕೆ ಮರ 169 ಪೌಂಡ್ ದಾಟಿತ್ತು. ಮಣ್ಣು ಕಳೆದುಕೊಂಡದ್ದು ಸುಮಾರು 2 ಔನ್ಸ್ ಮಾತ್ರ. ಮರವೆಲ್ಲ ನೀರಿನಿಂದಲೇ ಆಯಿತೆಂದು ಅವನು ತೀರ್ಮಾನಿಸಿದ. ಇದ್ದಿಲು ಸುಟ್ಟಾಗ ಏಳುವ ಅನಿಲವನ್ನು ಗುರುತಿಸಿದ್ದವನಿಗೇ ಅದೇ ಅನಿಲ ಎಲೆಯೊಳಗೆ ಹೋಗುವುದು ಹೊಳೆಯಲಿಲ್ಲ. ಗಿಡದ ಒಣತೂಕದಲ್ಲಿ ಶೇ. 90ಕ್ಕೂ ಹೆಚ್ಚು ಪಾಲು ಇಂಗಾಲ, ಆಮ್ಲಜನಕ, ಜಲಜನಕಗಳದು. ಅವು ಬರುವುದು ಗಾಳಿ ಮತ್ತು ನೀರಿನಿಂದ. ಶಹಾಡ್‌ನವರಿಗೆ ಇನ್ನೂ ಹತ್ತಿರದ ಸಾಕ್ಷಿಯಿದೆ: 1950ರ ದಶಕದಿಂದ ಇಲ್ಲಿರುವ ಸೆಂಚುರಿ ರೇಯಾನ್ ಕಾರ್ಖಾನೆ. ಅಲ್ಲಿ ಮರದ ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಸೇರಿಸಿ, ಜೇನಿನಂಥ ದ್ರಾವಣ ಮಾಡಿ, ಸೂಜಿಮೊನೆಯಷ್ಟು ತೂತುಗಳಿಂದ ಗಂಧಕಾಮ್ಲದೊಳಗೆ ಒತ್ತಿದರೆ ನೂಲು ಬರುತ್ತದೆ. ಹರಿಹರದ ಬಳಿ ಕುಮಾರಪಟ್ಟಣದಲ್ಲಿ ನೀಲಗಿರಿಯನ್ನು ತಿರುಳು ಮಾಡುವುದೂ ಇಂಥ ನೂಲಿಗಾಗಿಯೇ. ಆ ತಿರುಳೆಂದರೆ ಸೆಲ್ಯುಲೋಸ್, ಸಾವಿರಾರು ಗ್ಲೂಕೋಸ್ ಕೊಂಡಿಗಳ ಸರಪಣಿ. ಕೊಂಡಿ ಬೆಸೆಯುವ ರೀತಿ ಬದಲಾದರೆ ಅದೇ ಗ್ಲೂಕೋಸ್ ಅಕ್ಕಿಯ ಪಿಷ್ಟವಾಗುತ್ತದೆ. ಕಾಂಡ, ನಾರು, ಕಾಳು, ಎಲ್ಲವೂ ಎಲೆ ಮಾಡಿದ ಸಕ್ಕರೆಯೇ.

ಗೊಬ್ಬರ ಹಾಕಿದರೆ ಎಲೆ ಹಸಿರೇರುವುದನ್ನು ಕಣ್ಣಾರೆ ಕಾಣುತ್ತೇವಲ್ಲ ಎಂದು ಕೇಳುವವರಿದ್ದಾರೆ. ನಿಜ. ಸಾರಜನಕವಿಲ್ಲದೆ ಪತ್ರಹರಿತ್ತಿಲ್ಲ, ಇಂಗಾಲ ಹಿಡಿಯುವ ಕಿಣ್ವವೂ ಇಲ್ಲ. ಆದರೆ ಅದು ಒಲೆ ಕಟ್ಟುವ ಇಟ್ಟಿಗೆ, ಉರಿ ಬಿಸಿಲಿನದು. ಬೆಲ್ಲದ ಪಕ್ಷದವರ ವಾದ ಇದಕ್ಕಿಂತ ಗಟ್ಟಿ: ಅಂಗಾಂಶ ಕೃಷಿಯಲ್ಲಿ ಬಾಳೆಸಸಿಗೆ ಲೀಟರಿಗೆ 30 ಗ್ರಾಂನಷ್ಟು ಸಕ್ಕರೆ ಕೊಡುವುದಿಲ್ಲವೇ? ಕೊಡುತ್ತಾರೆ, ಆದರೆ ಒಂದೇ ಒಂದು ಸೂಕ್ಷ್ಮಜೀವಿಯೂ ಇಲ್ಲದ ಬಾಟಲಿಯಲ್ಲಿ. ಕುಂಡದ ಮಣ್ಣಿನಲ್ಲಿ ಬೆಲ್ಲ ಬಿದ್ದರೆ ಬೇರಿಗಿಂತ ಮೊದಲು ಸೂಕ್ಷ್ಮಜೀವಿಗಳು ಮುಗಿಬೀಳುತ್ತವೆ. ತಮ್ಮ ಮೈ ಬೆಳೆಸಿಕೊಳ್ಳಲು ಮಣ್ಣಿನ ಸಾರಜನಕವನ್ನೂ ಎಳೆದುಕೊಳ್ಳುತ್ತವೆ. ಜೀವಾಮೃತದಲ್ಲಿ ಬೆಲ್ಲ ಇರುವುದು ಆ ಜೀವಿಗಳಿಗಾಗಿ. ಬೆಲ್ಲದ ನೀರು ಹುಯ್ದ ಕೆಲವು ದಿನ ಎಲೆ ಪೇಲವವಾದರೆ ಅಚ್ಚರಿಪಡಬೇಕಿಲ್ಲ.

ಕಟ್ಟಡಗಳ ನಡುವೆ ಎರಡು ಮೂರು ತಾಸಷ್ಟೇ ಬಿಸಿಲು ಬೀಳುವ ಬಾಲ್ಕನಿಯಲ್ಲಿ ಹಗಲು ಕೂಡಿಟ್ಟ ಅಲ್ಪ ಪಿಷ್ಟವನ್ನು ಗಿಡ ರಾತ್ರಿಯ ಉಸಿರಾಟಕ್ಕೇ ಖರ್ಚು ಮಾಡುತ್ತದೆ. ಸೆಖೆಯ ರಾತ್ರಿಗಳಲ್ಲಿ ಆ ಖರ್ಚು ಇನ್ನೂ ಹೆಚ್ಚು. ಮೊಗ್ಗಿಗೆ ಪಾಲು ಸಿಗದು, ಉದುರುತ್ತದೆ. ಆಗ ಯೂರಿಯಾ ಸುರಿದರೆ ಚಿಗುರು ಮೆತ್ತಗೆ ಉದ್ದವಾಗಿ ಬೆಳೆದು ಹಿಟ್ಟು ತಿಗಣೆ ಕೂರುತ್ತದೆ. ತಿಗಣೆಗೆ ಬೇಕಾದ ಸಾರಜನಕ ಗಿಡದ ರಸದಲ್ಲಿ ಕಡಿಮೆ, ಸಕ್ಕರೆ ವಿಪರೀತ. ಹಾಗಾಗಿ ಅದು ರಸವನ್ನು ಹೀರುತ್ತಲೇ ಇದ್ದು, ಹೆಚ್ಚಾದ ಸಕ್ಕರೆಯನ್ನು ಹನಿಹನಿಯಾಗಿ ಹೊರಹಾಕುತ್ತದೆ. ಕೆಳಗಿನ ಎಲೆ ಬೆರಳಿಗೆ ಅಂಟುತ್ತದೆ, ಇರುವೆ ಸಾಲುಗಟ್ಟುತ್ತದೆ, ಆಮೇಲೆ ಕಾಡಿಗೆಯಂಥ ಕಪ್ಪು ಬೂಷ್ಟು ಹರಡಿ ಉಳಿದ ಬೆಳಕನ್ನೂ ಮರೆಮಾಡುತ್ತದೆ. ಆದ್ದರಿಂದ ಪೊಟ್ಟಣ ಹಾಗೇ ಇರಲಿ. ಕುಂಡವನ್ನು ಕಟಕಟೆಯ ಅಂಚಿಗೆ ಸರಿಸಿ, ಎಲೆಯ ಮೇಲೆ ಕೂತ ರಸ್ತೆ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಳಗೆ ಹೆಣೆದುಕೊಂಡ ಕೊಂಬೆ ಸವರಿ. ಜುಲೈ, ಆಗಸ್ಟಿನ ಮೋಡದಲ್ಲಿ ಸಾರಜನಕ ಬೇಡವೇ ಬೇಡ. ಬಿಸಿಲು ಮರಳಿದ ಮೇಲೆ ಹೊಸ ಎಲೆ ಗಟ್ಟಿಯಾಗಿ ಬರತೊಡಗಿದಾಗ ಹಿಡಿ ಗೊಬ್ಬರ ಕೊಟ್ಟರೆ ಸಾಕು.