ಬೆರಳಿಗೆ ತಿಳಿಯುವ ಪೈಸೆ

1957ರ ಏಪ್ರಿಲ್ 1ರಂದು ಜಾರಿಗೆ ಬಂದ ದಶಮಾಂಶ ಪದ್ಧತಿಯ ನಯಾಪೈಸೆಗಳು ನೋಡಲು ಸಪ್ಪೆ. ಒಂದು ಮಗ್ಗುಲಲ್ಲಿ ಅಶೋಕ ಸ್ತಂಭದ ಸಿಂಹಗಳು. ಇನ್ನೊಂದರಲ್ಲಿ ದಪ್ಪ ಅಂಕಿ, ಇಸವಿ, ರೂಪಾಯಿಯಲ್ಲಿ ಅದು ಎಷ್ಟನೇ ಪಾಲು ಎಂದು ತಿಳಿಸುವ ಹಿಂದಿ ಸಾಲು. 1950ರ ಹಳೆ ಪೈಸೆಯ ಮೇಲಿದ್ದ ಕುದುರೆ, ಆಣೆಯ ಮೇಲಿದ್ದ ಗೂಳಿ ಎರಡೂ ಮಾಯ. ಆದರೆ ದಿನವೂ ಕೈ ಬದಲಾಯಿಸುವ ನಾಣ್ಯವನ್ನು ಪದಕದಂತೆ ಚಿತ್ರ ನೋಡಿ ತೂಗಬಾರದು. ಅದರ ನಿಜವಾದ ವಿನ್ಯಾಸ ಇರುವುದು ತೂಕ, ಅಗಲ, ಅಂಚುಗಳಲ್ಲಿ. ಆ ಲೆಕ್ಕದಲ್ಲಿ ಸ್ವತಂತ್ರ ಭಾರತದ ಯಾವ ನಾಣ್ಯಮಾಲೆಯೂ ಈ ಸಪ್ಪೆ ಪೈಸೆಗಳ ಸಮಕ್ಕೆ ಬಂದಿಲ್ಲ ಎಂಬುದು ನನ್ನ ವಾದ.

ಆಗಿನ ಸಮಸ್ಯೆಯೇನು ಸಣ್ಣದಲ್ಲ. ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ ಎಂಬ ಲೆಕ್ಕ ರಾತ್ರೋರಾತ್ರಿ ನೂರಕ್ಕೆ ಬದಲಾದರೂ ಹಳೆ ನಾಣ್ಯಗಳು ಕೆಲ ವರ್ಷ ಹೊಸವುಗಳ ಜೊತೆಗೇ ಓಡಾಡಬೇಕಿತ್ತು. ನಾಲ್ಕಾಣೆ, ಎಂಟಾಣೆಗಳಿಗೆ ತೊಂದರೆಯಿಲ್ಲ, ಅವು ಸರಿಯಾಗಿ 25 ಮತ್ತು 50. ಅದಕ್ಕೇ ಅವನ್ನು ಮೊದಲಿನಂತೆ ಗುಂಡಗಿನ ನಿಕ್ಕಲ್ ನಾಣ್ಯಗಳಾಗಿಯೇ ಉಳಿಸಿದರು. ಜನರೂ ಹಳೆ ಹೆಸರನ್ನು ಬಿಡಲಿಲ್ಲ. ಪೇಚಾಟವಿದ್ದದ್ದು ಅದಕ್ಕಿಂತ ಕೆಳಗೆ. ಒಂದಾಣೆ ಎಂದರೆ ಆರೂಕಾಲು ನಯಾಪೈಸೆ, ಎರಡಾಣೆ ಎಂದರೆ ಹನ್ನೆರಡೂವರೆ. ಸಾಲದ್ದಕ್ಕೆ ಹೊಸ ಐದು ಪೈಸೆ ಹಳೆ ಅರ್ಧಾಣೆ, ಎರಡಾಣೆಗಳಂತೆಯೇ ಚೌಕ. ಹೊಸ ಎರಡು ಮತ್ತು ಹತ್ತು ಪೈಸೆಗಳು ಹಳೆ ಒಂದಾಣೆಯಂತೆಯೇ ಅಲೆಯಂಚಿನವು. ಇದು ಗೊಂದಲಕ್ಕೆ ಆಹ್ವಾನವಲ್ಲವೇ ಎಂದು ಯಾರಾದರೂ ಕೇಳಬಹುದು.

ತಕ್ಕಡಿಯಲ್ಲಿಟ್ಟು ನೋಡಿ. ಚೌಕಗಳಲ್ಲಿ ಅರ್ಧಾಣೆ ಸುಮಾರು 2.9 ಗ್ರಾಂ, ಐದು ನಯಾಪೈಸೆ 4 ಗ್ರಾಂ, ಎರಡಾಣೆ 5.8 ಗ್ರಾಂ. ಬೆಲೆಯೂ ಅದೇ ಕ್ರಮದಲ್ಲಿ ಏರುತ್ತದೆ: ಮೂರು ಪೈಸೆಗೆ ತುಸು ಮೇಲೆ, ಐದು, ಹನ್ನೆರಡೂವರೆ. ಅಲೆಯಂಚಿನವುಗಳಲ್ಲಿ ಎರಡು ಪೈಸೆ ಸುಮಾರು 3 ಗ್ರಾಂ, ಒಂದಾಣೆ 3.9, ಹತ್ತು ಪೈಸೆ 5. ಇಲ್ಲೂ ಕ್ರಮ ತಪ್ಪಿಲ್ಲ. ಜೊತೆಗೆ ಆಣೆಗೆ ಹನ್ನೆರಡು ಅಲೆ, ಹೊಸದಕ್ಕೆ ಎಂಟೇ. ಹಳೆಯವು ತೊಲದ ಕಾಲು, ಮೂರನೇ ಒಂದು, ಅರ್ಧ ಎಂಬ ಲೆಕ್ಕದವು. ಹೊಸವು ಗ್ರಾಮಿನ ಲೆಕ್ಕದವು. ಎರಡು ಬೇರೆ ಬೇರೆ ಅಳತೆಗಳಲ್ಲಿ ಹುಟ್ಟಿದ ನಾಣ್ಯಗಳು ಒಂದೇ ಸಾಲಿನಲ್ಲಿ ಇಷ್ಟು ಚೆನ್ನಾಗಿ ಹೊಂದಿಕೊಂಡದ್ದು ಆಕಸ್ಮಿಕ ಎನ್ನಲು ಮನಸ್ಸು ಒಪ್ಪುವುದಿಲ್ಲ. ನಿಕ್ಕಲ್ ನಾಣ್ಯಗಳ ಅಚ್ಚುಕಟ್ಟು ಇನ್ನೂ ಮೇಲು: 25 ಪೈಸೆಗೆ ಎರಡೂವರೆ ಗ್ರಾಂ, 50ಕ್ಕೆ ಐದು, 1962ರಲ್ಲಿ ಬಂದ ರೂಪಾಯಿಗೆ ಹತ್ತು.

ಲೋಹದ ಬೆಲೆ ಏರಿದಾಗ ಇಂಥ ಶಿಸ್ತು ನಡೆಯುವುದಿಲ್ಲ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಆದರೆ ಅದಕ್ಕೂ ಉತ್ತರ ಅರವತ್ತರ ದಶಕದಲ್ಲೇ ಸಿಗುತ್ತದೆ. ತಾಮ್ರ-ನಿಕ್ಕಲ್ ದುಬಾರಿಯಾಗಿ ಅಲ್ಯೂಮಿನಿಯಂ ಬಂದಾಗ ಐದು ಪೈಸೆಯ ತೂಕ 4 ಗ್ರಾಮಿನಿಂದ ಒಂದೂವರೆಗೆ ಇಳಿಯಿತು, ಆದರೂ ಚೌಕ ಚೌಕವಾಗಿಯೇ, 22 ಮಿಲಿಮೀಟರ್ ಅಗಲವಾಗಿಯೇ ಉಳಿಯಿತು. ಹೊಸದಾಗಿ ಸೇರಿದ ಮೂರು ಪೈಸೆಗೆ ಯಾರೂ ಬಳಸದಿದ್ದ ಆರು ಮೂಲೆ ಕೊಟ್ಟರು. ಗುಂಡಗಿದ್ದ ಒಂದು ಪೈಸೆಯನ್ನು ಚೌಕ ಮಾಡಿದ್ದು ಮಾತ್ರ ನನಗೆ ಹಿಡಿಸಿಲ್ಲ. ಅದೂ 17 ಮಿಲಿಮೀಟರಿನ ಪುಟಾಣಿಯಾದ್ದರಿಂದ ಐದು ಪೈಸೆಯೆಂದು ಯಾರನ್ನೂ ಏಮಾರಿಸುವಂತಿರಲಿಲ್ಲ.

ಈಗ 2011ರ ಮಾಲೆಗೆ ಬನ್ನಿ. ರೂಪಾಯಿಯ ಹೊಸ ಚಿಹ್ನೆ ಹೊತ್ತು ಬಂದ ಆ ಎರಡು ರೂಪಾಯಿ 25 ಮಿಲಿಮೀಟರ್ ಅಗಲ, 4.85 ಗ್ರಾಂ ತೂಕದ ಸ್ಟೇನ್‌ಲೆಸ್ ಸ್ಟೀಲ್ ಬಿಲ್ಲೆ. 1992ರಿಂದ ಚಲಾವಣೆಯಲ್ಲಿದ್ದ ಒಂದು ರೂಪಾಯಿಯ ಅಳತೆ, ತೂಕ, ಲೋಹ ಮೂರೂ ಅದೇ! ಹೊಸ ಒಂದು ರೂಪಾಯಿಗೆ ಸಿಕ್ಕಿದ್ದು ಹಳೆ ಐವತ್ತು ಪೈಸೆಯ 22 ಮಿಲಿಮೀಟರ್, 3.79 ಗ್ರಾಮಿನ ಮೈ. ಟಂಕಸಾಲೆಗೆ ಉಳಿತಾಯವೇನೋ ಆಯಿತು. ಆದರೆ ಹಳೆಯದನ್ನು ಹಿಂತೆಗೆಯದೆಯೇ ಅದರ ಮೈಯನ್ನು ಇಮ್ಮಡಿ ಬೆಲೆಯ ನಾಣ್ಯಕ್ಕೆ ತೊಡಿಸಿದ್ದು, 1957ರಲ್ಲಿ ಜಾಣತನದಿಂದ ತಪ್ಪಿಸಿದ್ದ ಗೊಂದಲವನ್ನು ಕೈಯಾರೆ ತಂದುಕೊಂಡಂತೆ. ಅಂಕಿ ಇದೆಯಲ್ಲ, ಓದಿಕೊಳ್ಳಲಿ ಎನ್ನುವವರು ನೂಕುನುಗ್ಗಲಿನ ಬಸ್ಸಿನಲ್ಲಿ ಚಿಲ್ಲರೆ ಎಣಿಸುವ ಕಂಡಕ್ಟರರನ್ನು, ಕಣ್ಣು ಕಾಣದವರನ್ನು ಲೆಕ್ಕಕ್ಕೆ ಹಿಡಿದಿಲ್ಲ. ತೊಂಬತ್ತರ ದಶಕದ ಎರಡು ರೂಪಾಯಿಗಾದರೂ ಹನ್ನೊಂದು ಮೂಲೆಗಳಿದ್ದವು.

2019ರಲ್ಲಿ ದೃಷ್ಟಿಹೀನರನ್ನು ಗಮನದಲ್ಲಿಟ್ಟು ಪ್ರಕಟಿಸಿದ ಮಾಲೆ ಹಳೆ ಪಾಠವನ್ನು ಅರ್ಧ ನೆನಪಿಸಿಕೊಂಡಿದೆ. ಬೆಲೆ ಏರಿದಂತೆ ಅಗಲವೂ 20, 23, 25, 27 ಮಿಲಿಮೀಟರ್ ಎಂದು ಏರುತ್ತದೆ, ಆದರೆ ಹತ್ತು ರೂಪಾಯಿಯವರೆಗೆ ಎಲ್ಲವೂ ಗುಂಡಗೇ. ಹತ್ತೂ 27 ಮಿಲಿಮೀಟರ್, ಇಪ್ಪತ್ತೂ 27. ತೂಕದ ಅಂತರ ಒಂದು ಗ್ರಾಮಿಗಿಂತ ಕಡಿಮೆ. ಅವೆರಡನ್ನು ಜೇಬಿನೊಳಗೇ ಬೇರ್ಪಡಿಸುತ್ತಿರುವುದು ಇಪ್ಪತ್ತರ ಅಂಚಿಗೆ ಕೊಟ್ಟಿರುವ ಹನ್ನೆರಡು ಮೂಲೆಗಳು.