ಹೊಂಡ ತೋಡಲು ಹಣವುಂಟು, ಹೂಳೆತ್ತಲು ಇಲ್ಲ

ಹೊಸಪೇಟೆಯಿಂದ ಸ್ವಾಮಿಹಳ್ಳಿಗೆ ಹೋಗುವ ರೈಲು ಹಳಿಯಲ್ಲಿ ಯಶವಂತನಗರ ಒಂದು ನಿಲ್ದಾಣ. ಆ ಹಳಿಯ ಮೇಲೆ ಓಡಾಡುವುದು ಹೆಚ್ಚಾಗಿ ಅದಿರು. ಆಚೀಚೆ ಮಳೆಯನ್ನೇ ನಂಬಿದ ಜೋಳ, ಮೆಕ್ಕೆಜೋಳ, ಶೇಂಗಾದ ಹೊಲಗಳು. ಸಂಡೂರಿನ ಗುಡ್ಡಸಾಲು ದಾಟಿ ಹೊಸಪೇಟೆ, ಕಂಪ್ಲಿ ಕಡೆ ಇಳಿದರೆ ತುಂಗಭದ್ರೆಯ ಕಾಲುವೆ, ಭತ್ತ, ಬಾಳೆ, ಕಬ್ಬು. ಗುಡ್ಡದ ಈಚೆಯ ರೈತನಿಗೆ ಆ ಭಾಗ್ಯವಿಲ್ಲ. ಅವನಿಗೆಂದೇ ಸರ್ಕಾರ ‘ಕೃಷಿ ಭಾಗ್ಯ’ ಎಂಬ ಯೋಜನೆ ತಂದಿತು. ಹೆಸರಿನ ಭಾಗ್ಯ ಹೊಲಕ್ಕೆ ಎಷ್ಟು ಇಳಿದಿದೆ ಎಂದು ಈಗ ತೂಗಿ ನೋಡಬಹುದು.

2014ರಲ್ಲಿ ಶುರುವಾದ ಈ ಯೋಜನೆ ನಡುವೆ ನಿಂತು, 2023–24ರಲ್ಲಿ ಮತ್ತೆ ಚಾಲನೆ ಪಡೆಯಿತು. ಹೊಲದಲ್ಲಿ ಬದು, ತಗ್ಗಿನಲ್ಲಿ ಹೊಂಡ, ನೀರು ಇಂಗದಂತೆ ಪಾಲಿಥಿನ್ ಹೊದಿಕೆ, ನೀರೆತ್ತಲು ಪಂಪು, ಹಾಯಿಸಲು ತುಂತುರು ಅಥವಾ ಹನಿ ನೀರಾವರಿ: ಇಷ್ಟೂ ಒಂದೇ ಕಟ್ಟಿನಲ್ಲಿ. ಬದು, ಹೊಂಡ, ಹೊದಿಕೆಯ ವೆಚ್ಚದಲ್ಲಿ ಸಾಮಾನ್ಯ ವರ್ಗದ ರೈತರಿಗೆ ಶೇ. 80, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 90 ಸಹಾಯಧನ.

ಮೊದಲು ಮೆಚ್ಚಬೇಕಾದ್ದನ್ನು ಹೇಳಿಬಿಡೋಣ. ಲೆಕ್ಕ ಸರಳ. 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ ತೋಡಿ, ಗೋಡೆ ಕುಸಿಯದಂತೆ ಇಳಿಜಾರು ಬಿಟ್ಟರೆ ಸುಮಾರು ಎರಡೂವರೆ ಲಕ್ಷ ಲೀಟರ್ ನೀರು ನಿಲ್ಲುತ್ತದೆ. ಒಂದು ಎಕರೆಗೆ ಎರಡು ಇಂಚು ನೀರು ಹಾಯಿಸಲು ಬೇಕಾದ್ದು ಎರಡು ಲಕ್ಷ ಲೀಟರ್. ಅಂದರೆ ತುಂಬಿದ ಹೊಂಡವೊಂದು ಒಂದು ಎಕರೆಯನ್ನು ಒಂದು ಸಲ ಉಳಿಸುತ್ತದೆ, ಅಷ್ಟೇ. ಆದರೆ ಮೆಕ್ಕೆಜೋಳ ಸೂಲಂಗಿ ಬಿಡುವ ಹೊತ್ತಿಗೆ ಮೂರು ವಾರ ಮಳೆ ಮುನಿಸಿಕೊಂಡರೆ ಆ ಒಂದು ಸಲವೇ ಇಡೀ ವರ್ಷದ ದುಡಿಮೆ. ಯೋಜನೆ ಹೇಳುವುದೂ ಇಷ್ಟನ್ನೇ: ಇದು ನೀರಾವರಿಯಲ್ಲ, ಬೆಳೆಗೆ ಆಪತ್ತಿನ ಕಾಲದ ಗುಟುಕು. ಆ ಮಟ್ಟಿಗೆ ಇದರ ಕಲ್ಪನೆ ಜಾಣತನದ್ದು, ಬೋರ್‌ವೆಲ್ ಕೊರೆಸಿ ಸಾಲಕ್ಕೆ ಬೀಳುವುದಕ್ಕಿಂತ ಸಾವಿರ ಪಾಲು ಮೇಲು.

ಎಡವಿದ್ದು ಹೊಂಡ ತೋಡಿದ ಮಾರನೆಯ ದಿನದಿಂದ. ಸಹಾಯಧನದ ಪಟ್ಟಿಯಲ್ಲಿ ಅಗೆತವಿದೆ, ಹೊದಿಕೆಯಿದೆ, ಪಂಪಿದೆ. ವರ್ಷಕ್ಕೊಮ್ಮೆ ಹೂಳೆತ್ತುವ ಕೂಲಿ ಇಲ್ಲ, ಹರಿದ ಹೊದಿಕೆಗೆ ತೇಪೆಯ ಖರ್ಚಿಲ್ಲ. ಎರೆ ನೆಲದಲ್ಲಿ ಹೊದಿಕೆಯಿಲ್ಲದೆಯೂ ನೀರು ನಿಂತೀತು. ಕೆಂಪು ಮಸಾರಿಯಲ್ಲಿ ಹೊದಿಕೆ ಹರಿದ ದಿನವೇ ಹೊಂಡ ಮತ್ತೆ ಬರೀ ಗುಂಡಿ. ನೀರು ಬರುವ ಬಾಯಲ್ಲಿ ಹೂಳು ತಡೆಯುವ ಸಣ್ಣ ಕುಣಿ ಇಲ್ಲದಿದ್ದರೆ ಮೊದಲ ದೊಡ್ಡ ಮಳೆಗೇ ಅರ್ಧ ಅಡಿ ಮಣ್ಣು ಬಂದು ಕೂರುತ್ತದೆ. ಹೊಂಡದ ಸುತ್ತ ತಂತಿ ಬೇಲಿಗೆ ಸಹಾಯಧನ ಬಂದದ್ದೂ ತಡವಾಗಿ, ಮಕ್ಕಳು ಜಾರಿ ಬಿದ್ದ ಸುದ್ದಿಗಳು ನಾಡಿನುದ್ದಕ್ಕೂ ಕೇಳಿದ ಮೇಲೆ. ಅದಕ್ಕೂ ಹೆಚ್ಚೆಂದರೆ ಅರ್ಧದಷ್ಟೇ ನೆರವು.

ಎರಡನೆಯ ಕೊರತೆ ನೋಟದ್ದು. ಮಳೆನೀರು ಸರ್ವೆ ನಂಬರು ನೋಡಿ ಹರಿಯುವುದಿಲ್ಲ. ಅರ್ಜಿ ಮಾತ್ರ ಸರ್ವೆ ನಂಬರಿನ ಮೇಲೆಯೇ. ಪಹಣಿ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಯಾರು ಮೊದಲು ಹೋದರೋ ಅವರ ಹೊಲಕ್ಕೆ ಹೊಂಡ. ಮೇಲಿನವನು ಬದು ಹಾಕದಿದ್ದರೆ ಅವನ ಮಣ್ಣೆಲ್ಲ ಕೆಳಗಿನವನ ಹೊಂಡಕ್ಕೆ. ಗೇಣಿಗೆ ಉಳುವವನ ಹೆಸರಲ್ಲಿ ಪಹಣಿಯೇ ಇರುವುದಿಲ್ಲ. ಪಕ್ಕದ ಚಿತ್ರದುರ್ಗವೂ ಸೇರಿ ಐದು ಜಿಲ್ಲೆಗಳಲ್ಲಿ 2001ರಿಂದ ನಡೆದ ‘ಸುಜಲ’ ಜಲಾನಯನ ಯೋಜನೆ ಈ ಪಾಠವನ್ನು ಆಗಲೇ ಕಲಿತಿತ್ತು. ದಿನ್ನೆಯಿಂದ ಶುರುಮಾಡಿ ತಗ್ಗಿಗೆ ಬರಬೇಕು, ಅಕ್ಕಪಕ್ಕದ ಹೊಲದವರು ಗುಂಪಾಗಿ ಕೂತು ಯೋಜನೆ ಬರೆಯಬೇಕು ಎಂಬುದು ಅದರ ಕ್ರಮ. ಕೃಷಿ ಭಾಗ್ಯ ಆ ಗುಂಪನ್ನು ಬಿಡಿಸಿ ಮತ್ತೆ ಒಬ್ಬೊಬ್ಬನೇ ಫಲಾನುಭವಿಯನ್ನಾಗಿ ಮಾಡಿತು.

ದಿನ್ನೆಯಿಂದ ಶುರುಮಾಡಬೇಕು ಎಂಬ ಮಾತಿಗೆ ಸಂಡೂರಿನಲ್ಲಿ ಇನ್ನೊಂದು ಭಾರವಿದೆ. ಇಲ್ಲಿ ದಿನ್ನೆ ಎಂದರೆ ಗಣಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. 2013ರ ತೀರ್ಪಿನಲ್ಲಿ ಷರತ್ತಿನೊಂದಿಗೆ ಬಿಟ್ಟಿತು. ಕೆಟ್ಟ ನೆಲವನ್ನು ಸರಿಪಡಿಸಲು ಅದಿರಿನ ಹಣದಲ್ಲೇ ನಿಧಿ ಕಟ್ಟಿತು. ಆ ಹಣ ವರ್ಷಗಟ್ಟಲೆ ಬ್ಯಾಂಕಿನಲ್ಲೇ ಕೂತಿತು. ಕೋರ್ಟು ಉಸ್ತುವಾರಿ ಪ್ರಾಧಿಕಾರ ನೇಮಿಸಿ ದಾರಿ ಬಿಟ್ಟದ್ದು 2022ರಲ್ಲಿ. ಇತ್ತ 2015ರ ಕಾನೂನಿನಿಂದ ಜಿಲ್ಲಾ ಖನಿಜ ನಿಧಿ ಬಂತು. ಹಳೆಯ ಗುತ್ತಿಗೆಗಳು ರಾಜಧನದ ಮೇಲೆ ಶೇ. 30 ಕೊಡಬೇಕು. ಅದರ ಮೊದಲ ಮಾರ್ಗಸೂಚಿ ಕುಡಿಯುವ ನೀರು, ಆರೋಗ್ಯ, ಶಿಕ್ಷಣವನ್ನು ಮುಂದಿನ ಸಾಲಿನಲ್ಲಿ ಕೂರಿಸಿತು. ನೀರಾವರಿ, ಜಲಾನಯನಕ್ಕೆ ಸಿಕ್ಕಿದ್ದು ರಸ್ತೆ–ಸೇತುವೆಯ ಜೊತೆ ಹಿಂದಿನ ಸಾಲು. ಗುಡ್ಡದಿಂದ ಕೆಂಪು ಹೂಳು ಇಳಿದು ಬರುವುದು ಹೊಲಕ್ಕೆ. ಆ ಗುಡ್ಡದ ದುಡ್ಡು ಹೊಲಕ್ಕೆ ಬರಲು ಮಾತ್ರ ಸರದಿ ಕಾಯಬೇಕು.

ಈ ಸೀಮೆಗೆ ಇದಕ್ಕಿಂತ ಒಳ್ಳೆಯ ರೂಢಿ ಗೊತ್ತಿಲ್ಲದೆ ಇಲ್ಲ. ವಿಜಯನಗರ ಕಾಲದ ಬಸವಣ್ಣ ಕಾಲುವೆ, ತುರ್ತು ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತಿದೆ. ಕಟ್ಟಿದವರ ಕೈಚಳಕ ಒಂದೇ ಇದಕ್ಕೆ ಕಾರಣವಲ್ಲ. ಕನ್ನಡದ ಶಾಸನಗಳಲ್ಲಿ ‘ಕಟ್ಟುಕೊಡಗೆ’ ಎಂಬ ಮಾತು ಬರುತ್ತದೆ: ಕೆರೆ ಕಟ್ಟಿದವನಿಗೆ, ಅದನ್ನು ನೋಡಿಕೊಳ್ಳುವವನಿಗೆ ಬಿಟ್ಟ ಭೂಮಿ. ಹೂಳು ಸಾಗಿಸುವ ಬಂಡಿಯ ಖರ್ಚಿಗೂ ದತ್ತಿ ಬಿಟ್ಟವರಿದ್ದರು. ಆ ಕಾಲದ ಕೆರೆಯ ಭೂಮಿ ಹಂಚಿಕೆಯಲ್ಲಿ ಎಲ್ಲರಿಗೂ ನ್ಯಾಯವಿತ್ತೆಂದು ಅರ್ಥವಲ್ಲ. ಆದರೆ ಹೂಳು ಬಂದೇ ಬರುತ್ತದೆ, ಅದಕ್ಕೊಂದು ಹಣ ಇಟ್ಟಿರಬೇಕು ಎಂಬ ಲೋಕಜ್ಞಾನ ಅವರಿಗಿತ್ತು.

ಒಟ್ಟಾರೆ ತೀರ್ಪು ಹೀಗೆ: ಕೃಷಿ ಭಾಗ್ಯ ಕೈಬಿಡುವಂಥ ಯೋಜನೆಯಲ್ಲ, ಅರ್ಧಕ್ಕೆ ನಿಂತ ಯೋಜನೆ. ಗಣಿ ತಾಲ್ಲೂಕುಗಳಲ್ಲಾದರೂ ಖನಿಜ ನಿಧಿಯ ಒಂದು ಪಾಲನ್ನು ಹೊಂಡಗಳ ಹೂಳಿಗೆಂದೇ ತೆಗೆದಿಡಬೇಕು. ಅದೂ ಒಬ್ಬೊಬ್ಬರಿಗಲ್ಲ, ಒಂದು ಹಳ್ಳಕ್ಕೆ ಸೇರುವ ಹೊಲಗಳ ಗುಂಪಿಗೆ. ವರದಿಯಲ್ಲಿ ಬರೆಯಬೇಕಾದ ಅಂಕಿ ತೋಡಿದ ಹೊಂಡಗಳದ್ದಲ್ಲ, ಐದನೆಯ ಮಳೆಗಾಲದಲ್ಲೂ ನೀರು ನಿಂತ ಹೊಂಡಗಳದ್ದು.